ಕಣ್ಣಿಗೆ ಕಾಣದ ಹೊಗೆ

“ಮನೆ ಗೆದ್ದು ಮಾರು ಗೆಲ್ಲು” ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಊರಿಗೆ ಬುದ್ಧಿ ಹೇಳಹೊರಟವನು ಮೊದಲು ತನ್ನ ಮನೆಯನ್ನು ನೇರ್ಪಡಿಸಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಈ ಮಾತು ವ್ಯಕ್ತಿಗಳಿಗೆ ಅನ್ವಯಿಸುವಷ್ಟೇ ಸರ್ಕಾರಗಳಿಗೂ ಅನ್ವಯಿಸುತ್ತದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳ ಬಳಕೆಯನ್ನು ಮಿತಗೊಳಿಸಿರೆಂದು ಇಂದು ಜಗತ್ತಿನ ಅನೇಕ ಸರ್ಕಾರಗಳು ತಮ್ಮ ಪ್ರಜೆಗಳಿಗೆ ಹೇಳುತ್ತಿವೆ. ಕಾರ್ಖಾನೆಗಳಿಗೆ ನಿಯಮಗಳನ್ನು ವಿಧಿಸುತ್ತಿವೆ. ಆದರೆ ಸರ್ಕಾರಕ್ಕೂ ಸಾವಿರಾರು ಕಟ್ಟಡಗಳಿವೆ. ಆ ಕಟ್ಟಡಗಳಲ್ಲಿ ದೀಪಗಳು ಉರಿಯುತ್ತವೆ, ಯಂತ್ರಗಳು ತಿರುಗುತ್ತವೆ. ಸರ್ಕಾರದ ಅಧಿಕಾರಿಗಳೂ ಮೋಟಾರು, ರೈಲು, ವಿಮಾನಗಳಲ್ಲಿ ಸಂಚರಿಸುತ್ತಾರೆ. “ನಮಗೆ ಮಿತವ್ಯಯವನ್ನು ಬೋಧಿಸುವ ಸರ್ಕಾರ ತನ್ನ ಕಚೇರಿಯಲ್ಲಿ ಎಷ್ಟು ಉರಿಸುತ್ತಿದೆ?” ಎಂದು ಪ್ರಜೆಯೊಬ್ಬನು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಈ ಪ್ರಶ್ನೆಗೆ ಉತ್ತರ ಹೇಳಲು ಬ್ರಿಟನ್ ಸರ್ಕಾರವು 2010ರಲ್ಲಿ ಕೈಗೊಂಡ ಪ್ರಯತ್ನ, ಮತ್ತು ಕೆಲವು ವರ್ಷಗಳ ತರುವಾಯ ಭಾರತದ ರಾಜಧಾನಿಯಲ್ಲಿ ಎದ್ದುನಿಂತ ಒಂದು ಸರ್ಕಾರಿ ಕಟ್ಟಡ, ಇವೆರಡೂ ಅರಿಯತಕ್ಕ ವಿಷಯಗಳಾಗಿವೆ.

ಬ್ರಿಟನ್ನಿಗೆ ಹೊಗೆಯ ತೊಂದರೆ ಹೊಸದಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ದಟ್ಟವಾದ ಹೊಗೆಮಂಜು ಕವಿಯಿತು. ಮನೆಮನೆಯ ಅಗ್ಗಿಷ್ಟಿಕೆಗಳಿಂದಲೂ ಕಾರ್ಖಾನೆಗಳಿಂದಲೂ ಹೊರಟ ಕಲ್ಲಿದ್ದಲ ಹೊಗೆ ಗಾಳಿಯ ಚಲನೆಯಿಲ್ಲದೆ ನಗರದ ಮೇಲೆಯೇ ನಿಂತುಬಿಟ್ಟಿತು. ಕೆಲವು ಅಡಿಗಳಾಚೆಗಿನ ಮನುಷ್ಯನೂ ಕಾಣದಾದನು. ಆ ದಿನಗಳಲ್ಲಿಯೂ ಅದರ ನಂತರದ ವಾರಗಳಲ್ಲಿಯೂ ಸುಮಾರು 4,000 ಜನ ಸತ್ತರೆಂದು ಆಗ ಅಂದಾಜು ಮಾಡಲಾಯಿತು. ಈ ಸಂಖ್ಯೆ 12,000ದಷ್ಟಿರಬಹುದೆಂದು ಮುಂದಿನ ಸಂಶೋಧಕರು ಅಭಿಪ್ರಾಯಪಟ್ಟರು. ಅದರ ಫಲವಾಗಿ 1956ರಲ್ಲಿ ಶುದ್ಧ ವಾಯು ಕಾಯಿದೆ ಜಾರಿಗೆ ಬಂದಿತು. ಕ್ರಮೇಣ ಲಂಡನ್ನಿನ ಆಕಾಶ ತಿಳಿಯಾಯಿತು. ಆ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಅಡರುತ್ತಿತ್ತು. ಆದುದರಿಂದ ಅದನ್ನು ಹೋಗಲಾಡಿಸಬೇಕೆಂದು ಜನರನ್ನು ಒಪ್ಪಿಸುವುದು ಅಷ್ಟು ಕಷ್ಟವಾಗಲಿಲ್ಲ.

ಆದರೆ ಇಂಧನಗಳು ಉರಿದಾಗ ಕಪ್ಪು ಹೊಗೆಯೊಡನೆ ಬಣ್ಣವಿಲ್ಲದ, ವಾಸನೆಯಿಲ್ಲದ ಮತ್ತೊಂದು ಅನಿಲವೂ ಹೊರಬೀಳುತ್ತದೆ. ಅದೇ ಇಂಗಾಲದ ಡೈಆಕ್ಸೈಡ್. ಅದು ಸ್ವಭಾವತಃ ವಿಷವೇನೂ ಅಲ್ಲ. ಮನುಷ್ಯನ ಉಸಿರಿನಲ್ಲಿ ಅದು ಇದೆ, ಗಿಡಮರಗಳಿಗೆ ಅದೇ ಆಹಾರ. ಆದರೆ ಅದಕ್ಕೊಂದು ವಿಶೇಷ ಗುಣವಿದೆ. ಸೂರ್ಯನ ಬೆಳಕನ್ನು ಅದು ಭೂಮಿಯವರೆಗೆ ಬರಗೊಡುತ್ತದೆ; ಭೂಮಿಯಿಂದ ಹಿಂದಿರುಗುವ ಶಾಖವನ್ನು ಮಾತ್ರ ತಡೆದು ಹಿಡಿಯುತ್ತದೆ. 1859ರಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿಯು ಲಂಡನ್ನಿನ ತನ್ನ ಪ್ರಯೋಗಾಲಯದಲ್ಲಿ ಅನಿಲಗಳ ಈ ಗುಣವನ್ನು ಅಳೆದು ತೋರಿಸಿದನು. ಕೈಗಾರಿಕಾ ಕ್ರಾಂತಿಗೆ ಮುನ್ನ ವಾಯುಮಂಡಲದ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಕಣಗಳು ಮಾತ್ರ ಈ ಅನಿಲದ್ದಾಗಿದ್ದವು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಕ್ರಮಬದ್ಧವಾಗಿ ಅಳೆಯತೊಡಗಿದಾಗ ಅದು ಸುಮಾರು 315 ಆಗಿತ್ತು. ಈಗ ಅದು 420ನ್ನು ಮೀರಿದೆ. ಭೂಮಿಯ ಸರಾಸರಿ ತಾಪವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದ್ದುದಕ್ಕಿಂತ 1 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಿದೆ. ಮಳೆಯ ಕ್ರಮ ತಪ್ಪುವುದು, ಬಿಸಿಗಾಳಿ ತೀವ್ರವಾಗುವುದು, ಹಿಮನದಿಗಳು ಕರಗುವುದು, ಸಮುದ್ರದ ಮಟ್ಟ ಏರುವುದು ಇದರ ಪರಿಣಾಮಗಳು. ಹೊಗೆ ಕಣ್ಣಿಗೆ ಕಾಣದಿದ್ದಾಗ ಅದನ್ನು ಕಾಣಿಸುವ ಸಾಧನ ಒಂದೇ, ಅದು ಲೆಕ್ಕ.

2008ರ ನವೆಂಬರ್ ತಿಂಗಳಲ್ಲಿ ಬ್ರಿಟನ್ ಹವಾಮಾನ ಬದಲಾವಣೆ ಕಾಯಿದೆಯನ್ನು ಅಂಗೀಕರಿಸಿತು. ಇಂಥ ಅನಿಲಗಳನ್ನು ದೀರ್ಘಕಾಲದಲ್ಲಿ ಇಷ್ಟು ಪ್ರಮಾಣಕ್ಕೆ ಇಳಿಸಲೇಬೇಕೆಂದು ಕಾನೂನಿನ ಮೂಲಕ ತನ್ನನ್ನು ತಾನೇ ಕಟ್ಟಿಕೊಂಡ ಮೊದಲ ದೇಶ ಅದು. ಆ ಕಾರ್ಯಕ್ಕಾಗಿಯೇ ಶಕ್ತಿ ಮತ್ತು ಹವಾಮಾನ ಬದಲಾವಣೆಯ ಇಲಾಖೆಯೊಂದು ಅದೇ ವರ್ಷ ಹುಟ್ಟಿತು. ಮರುವರ್ಷ ಅಲ್ಲಿನ ನಾಗರಿಕರು “ಟೆನ್ ಟೆನ್” ಎಂಬ ಆಂದೋಲನವನ್ನು ಆರಂಭಿಸಿದರು. ಪ್ರತಿಯೊಂದು ಮನೆ, ಶಾಲೆ, ಸಂಸ್ಥೆಯೂ 2010ನೆಯ ಇಸವಿಯಲ್ಲಿ ತಾನು ಹೊರಸೂಸುವ ಇಂಗಾಲದಲ್ಲಿ ಶೇಕಡ 10ರಷ್ಟನ್ನು ಕಡಿಮೆ ಮಾಡಬೇಕೆಂಬುದು ಅದರ ಉದ್ದೇಶ. 2010ರ ಮೇ ತಿಂಗಳಲ್ಲಿ ಡೇವಿಡ್ ಕ್ಯಾಮರನ್ ಅವರು ಪ್ರಧಾನಿಯಾದರು. ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಅವರು ಮೇಲೆ ಹೇಳಿದ ಇಲಾಖೆಯ ಕಚೇರಿಗೆ ಹೋಗಿ, ಕೇಂದ್ರ ಸರ್ಕಾರದ ಕಚೇರಿಗಳು ಮುಂದಿನ ಹನ್ನೆರಡು ತಿಂಗಳಲ್ಲಿ ತಮ್ಮ ಇಂಗಾಲದ ಪ್ರಮಾಣವನ್ನು ಶೇಕಡ 10ರಷ್ಟು ಇಳಿಸುವುವೆಂದು ಘೋಷಿಸಿದರು. ಸುಮಾರು 3,000 ಕಟ್ಟಡಗಳಿಗೆ ಈ ಮಾತು ಅನ್ವಯವಾಗಿತ್ತು.

ಕಚೇರಿಗೆ ಕಾರ್ಖಾನೆಯಂತೆ ಚಿಮಣಿಯಿಲ್ಲ. ಅಲ್ಲಿ ಉರಿಯುವ ಕುಲುಮೆಯೂ ಇಲ್ಲ. ಗುಮಾಸ್ತರು ಕಡತಗಳನ್ನು ಬರೆಯುವ, ಅಧಿಕಾರಿಗಳು ಸಭೆ ಸೇರುವ ಸ್ಥಳದಿಂದ ಇಂಗಾಲ ಹೊರಬೀಳುವುದು ಹೇಗೆ? ಸಂಸ್ಥೆಗಳ ಇಂಗಾಲವನ್ನು ಲೆಕ್ಕಹಾಕಲು 2001ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕ್ರಮವೊಂದು ಈ ಪ್ರಶ್ನೆಗೆ ಮೂರು ಭಾಗಗಳಲ್ಲಿ ಉತ್ತರಿಸುತ್ತದೆ. ಸಂಸ್ಥೆಯು ತಾನೇ ನೇರವಾಗಿ ಉರಿಸುವ ಇಂಧನ ಮೊದಲನೆಯ ಭಾಗ. ಕಟ್ಟಡವನ್ನು ಬೆಚ್ಚಗಿಡಲು ಉರಿಸುವ ಅನಿಲ, ವಿದ್ಯುತ್ತು ನಿಂತಾಗ ನಡೆಯುವ ಜನರೇಟರಿನ ಡೀಸೆಲ್, ಇಲಾಖೆಯ ಜೀಪು ಕಾರುಗಳ ಇಂಧನ ಇವು ಇದರಲ್ಲಿ ಸೇರುತ್ತವೆ. ಕೊಂಡು ಬಳಸುವ ವಿದ್ಯುತ್ತು ಎರಡನೆಯ ಭಾಗ. ಕಚೇರಿಯ ದೀಪ ಹೊಗೆಯಿಲ್ಲದೆ ಬೆಳಗುತ್ತದೆ. ಆದರೆ ಅದನ್ನು ಬೆಳಗಿಸಲು ನೂರಾರು ಮೈಲಿಗಳಾಚೆ ಯಾವುದೋ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿಯುತ್ತಿರಬಹುದು. ಸಂಸ್ಥೆಯ ಕೆಲಸಕ್ಕಾಗಿ ಇತರರು ಉರಿಸುವ ಇಂಧನ ಮೂರನೆಯ ಭಾಗ. ಅಧಿಕಾರಿಗಳ ವಿಮಾನ ಮತ್ತು ರೈಲು ಪ್ರಯಾಣ, ನೌಕರರು ಮನೆಯಿಂದ ಕಚೇರಿಗೆ ಬಂದುಹೋಗುವುದು, ಕೊಂಡ ಕಾಗದ, ಪೀಠೋಪಕರಣ ಇವೆಲ್ಲ ಇಲ್ಲಿ ಬರುತ್ತವೆ.

ಈ ಲೆಕ್ಕದ ಮೂಲ ಒಂಬತ್ತನೆಯ ತರಗತಿಯ ರಸಾಯನಶಾಸ್ತ್ರದಲ್ಲಿಯೇ ಇದೆ. ಒಂದು ಲೀಟರ್ ಡೀಸೆಲ್ಲಿನ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಆದರೆ ಅದು ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡಿನ ತೂಕ ಸುಮಾರು 2.6 ಕಿಲೋಗ್ರಾಮ್. ಕಡಿಮೆ ತೂಕದ ವಸ್ತುವಿನಿಂದ ಹೆಚ್ಚು ತೂಕದ ವಸ್ತು ಹುಟ್ಟುವುದು ಮೊದಲ ನೋಟಕ್ಕೆ ಅಚ್ಚರಿಯೆನಿಸುತ್ತದೆ. ಡೀಸೆಲ್ಲಿನಲ್ಲಿರುವ ಇಂಗಾಲದ ಪ್ರತಿಯೊಂದು ಪರಮಾಣುವೂ ಉರಿಯುವಾಗ ಗಾಳಿಯಿಂದ ಆಮ್ಲಜನಕದ ಎರಡು ಪರಮಾಣುಗಳನ್ನು ಸೆಳೆದುಕೊಳ್ಳುತ್ತದೆ. ಇಂಗಾಲದ ಪರಮಾಣು ತೂಕ 12, ಆಮ್ಲಜನಕದ್ದು 16. ಆದುದರಿಂದ 12 ಗ್ರಾಂ ಇಂಗಾಲವು ಉರಿದು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಲೀಟರಿಗೆ 12 ಕಿಲೋಮೀಟರ್ ಓಡುವ ಇಲಾಖೆಯ ಜೀಪೊಂದು 240 ಕಿಲೋಮೀಟರ್ ಸುತ್ತಿ ಬಂದರೆ 20 ಲೀಟರ್ ಡೀಸೆಲ್ ಖರ್ಚಾಗಿ, 52 ಕಿಲೋಗ್ರಾಮ್, ಎಂದರೆ ಅರ್ಧ ಕ್ವಿಂಟಾಲಿಗೂ ಮಿಕ್ಕ ಅನಿಲ ವಾಯುಮಂಡಲವನ್ನು ಸೇರುತ್ತದೆ. ಅಕ್ಕಿಯ ಮೂಟೆಯೊಂದರ ತೂಕದ ಈ ವಸ್ತುವನ್ನು ದಾರಿಯಲ್ಲಿ ಯಾರೂ ಕಾಣುವುದಿಲ್ಲ.

ವಿದ್ಯುತ್ತಿನ ಲೆಕ್ಕವೂ ಹೀಗೆಯೇ. ಭಾರತದಲ್ಲಿ ಒಂದು ಯೂನಿಟ್ ವಿದ್ಯುತ್ತನ್ನು ಉತ್ಪಾದಿಸುವಾಗ ಸರಾಸರಿಯಾಗಿ ಸುಮಾರು 0.7 ಕಿಲೋಗ್ರಾಮ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಕಚೇರಿಯಲ್ಲಿ ನೂರು ಗಣಕಯಂತ್ರಗಳಿದ್ದು, ಪ್ರತಿಯೊಂದೂ 100 ವಾಟ್ ವಿದ್ಯುತ್ತನ್ನು ಬಳಸುವುದೆಂದು ಭಾವಿಸಬಹುದು. ಸಂಜೆ ಆರು ಗಂಟೆಗೆ ನೌಕರರು ಅವನ್ನು ಆರಿಸದೆ ಹೊರಟು, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದರೆ, ಹದಿನೈದು ಗಂಟೆಗಳಲ್ಲಿ 150 ಯೂನಿಟ್ ವಿದ್ಯುತ್ತು ಯಾರಿಗೂ ಉಪಯೋಗವಾಗದೆ ವ್ಯಯವಾಗುತ್ತದೆ. 105 ಕಿಲೋಗ್ರಾಮ್ ಅನಿಲ ವೃಥಾ ಸೇರಿಕೊಳ್ಳುತ್ತದೆ. ಇದು ಒಂದು ರಾತ್ರಿಯ, ಒಂದು ಕಚೇರಿಯ ಲೆಕ್ಕ. ಯಾವ ಅಧಿಕಾರಿಯೂ ಇದನ್ನು ಬೇಕೆಂದು ಮಾಡುವುದಿಲ್ಲ. ಮನೆಯಲ್ಲಿ ದೀಪ ಆರಿಸುವ ಕೈ ಕಚೇರಿಯಲ್ಲಿ ಆರಿಸದಿರಲು ಕಾರಣವೆಂದರೆ, ಕಚೇರಿಯ ವಿದ್ಯುತ್ ಬಿಲ್ಲು ಆ ನೌಕರನ ಕಣ್ಣಿಗೆ ಬೀಳದಿರುವುದೇ ಆಗಿದೆ.

ಆದಕಾರಣ ಬ್ರಿಟನ್ನಿನ ಪ್ರಯತ್ನವು ಲೆಕ್ಕವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡುವುದಕ್ಕೆ ಹೆಚ್ಚಿನ ಮಹತ್ವ ಕೊಟ್ಟಿತು. ಇದಕ್ಕೆ ಪೂರ್ವಸಿದ್ಧತೆ ಆಗಲೇ ನಡೆದಿತ್ತು. 2008ರ ಅಕ್ಟೋಬರ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1,000 ಚದರ ಮೀಟರ್‌ಗಿಂತ ದೊಡ್ಡದಾದ, ಸಾರ್ವಜನಿಕರು ಬಂದುಹೋಗುವ ಸರ್ಕಾರಿ ಕಟ್ಟಡಗಳು ತಮ್ಮ ಶಕ್ತಿಬಳಕೆಯ ಪ್ರಮಾಣಪತ್ರವನ್ನು ಜನರಿಗೆ ಕಾಣುವ ಸ್ಥಳದಲ್ಲಿ ತೂಗುಹಾಕಬೇಕೆಂಬ ನಿಯಮವಿತ್ತು. ಶಾಲೆಯ ಅಂಕಪಟ್ಟಿಯಂತೆ ಅದರಲ್ಲಿ ಕಟ್ಟಡಕ್ಕೆ ಏಳು ದರ್ಜೆಗಳ ಪೈಕಿ ಒಂದನ್ನು ಕೊಡಲಾಗುತ್ತಿತ್ತು. 2010ರ ಘೋಷಣೆಯ ನಂತರ ಇಲಾಖೆಗಳ ಮುಖ್ಯ ಕಚೇರಿಗಳು ತಮ್ಮ ವಿದ್ಯುತ್ ಬಳಕೆಯನ್ನು ಅದು ನಡೆಯುತ್ತಿರುವಾಗಲೇ ಸಾರ್ವಜನಿಕರು ನೋಡುವಂತೆ ಪ್ರಕಟಿಸತೊಡಗಿದವು. ನಡುರಾತ್ರಿಯಲ್ಲಿ ಮಂತ್ರಿಗಳ ಕಚೇರಿ ಎಷ್ಟು ವಿದ್ಯುತ್ತನ್ನು ಬಳಸುತ್ತಿದೆಯೆಂಬುದನ್ನು ಸಾಮಾನ್ಯ ಪ್ರಜೆಯೂ ತನ್ನ ಮನೆಯಲ್ಲಿಯೇ ಕುಳಿತು ನೋಡಬಹುದಾಗಿತ್ತು.

ಕೈಗೊಂಡ ಕ್ರಮಗಳಲ್ಲಿ ಬೆರಗುಗೊಳಿಸುವಂಥದು ಹೆಚ್ಚೇನೂ ಇರಲಿಲ್ಲ. ಕಟ್ಟಡವನ್ನು ಕಾಯಿಸುವ ಮತ್ತು ತಂಪುಗೊಳಿಸುವ ಯಂತ್ರಗಳು ನಡೆಯುವ ವೇಳೆಯನ್ನು ಜನರಿರುವ ವೇಳೆಗೆ ಹೊಂದಿಸಲಾಯಿತು. ಬಳಕೆಯಲ್ಲಿಲ್ಲದ ದೀಪ, ಗಣಕಯಂತ್ರಗಳನ್ನು ಆರಿಸಲಾಯಿತು. ರಜೆಯ ದಿನಗಳಲ್ಲಿ ಕಟ್ಟಡಗಳನ್ನು ಪೂರ್ಣವಾಗಿ ಮುಚ್ಚುವ, ಅರ್ಧ ಖಾಲಿಯಿದ್ದ ಕಚೇರಿಗಳನ್ನು ಒಂದೇ ಕಟ್ಟಡಕ್ಕೆ ತರುವ ಏರ್ಪಾಡುಗಳಾದವು. ಈ ನಡುವೆ ಪ್ರಕೃತಿಯೂ ಪರೀಕ್ಷೆಗೊಡ್ಡಿತು. 2010ರ ಡಿಸೆಂಬರ್ ಬ್ರಿಟನ್ನಿನಲ್ಲಿ ನೂರು ವರ್ಷಗಳಲ್ಲೇ ಅತ್ಯಂತ ಚಳಿಯ ಡಿಸೆಂಬರ್ ಆಗಿತ್ತು. ಕಟ್ಟಡಗಳನ್ನು ಬೆಚ್ಚಗಿಡಲು ಹೆಚ್ಚು ಇಂಧನ ಬೇಕಾದ ವರ್ಷ ಅದು. ಆದರೂ ಹನ್ನೆರಡು ತಿಂಗಳು ಮುಗಿದಾಗ ಶೇಕಡ 10ರ ಬದಲು ಶೇಕಡ 13.8ರಷ್ಟು ಇಳಿತವಾಗಿತ್ತು. ಒಂದು ಲಕ್ಷ ಟನ್ನಿಗೂ ಮಿಕ್ಕ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರದೆ ಉಳಿಯಿತು. ಸುಮಾರು 130 ಲಕ್ಷ ಪೌಂಡುಗಳ ಶಕ್ತಿವೆಚ್ಚವೂ ಉಳಿಯಿತೆಂದು ಸರ್ಕಾರ ತಿಳಿಸಿತು. ಉಳಿದ ಆ ಹಣ ತೆರಿಗೆ ಕಟ್ಟುವ ಪ್ರಜೆಗಳದ್ದೇ ತಾನೆ!

ಕಟ್ಟಡಗಳ ನಂತರ ಪ್ರವಾಸದ ಸರದಿ. 2011ರಲ್ಲಿ ಬ್ರಿಟನ್ ಸರ್ಕಾರ ಮತ್ತೊಂದು ದೀರ್ಘವಾದ ಸಂಕಲ್ಪ ಮಾಡಿತು. ಕಚೇರಿ ಮತ್ತು ಕಾರ್ಯಾರ್ಥ ಪ್ರಯಾಣ ಎರಡನ್ನೂ ಸೇರಿಸಿ, 2009-10ನೆಯ ವರ್ಷಕ್ಕೆ ಹೋಲಿಸಿದಂತೆ 2015ರ ವೇಳೆಗೆ ಶೇಕಡ 25ರಷ್ಟು ಇಳಿಸಬೇಕು, ದೇಶದೊಳಗಿನ ವಿಮಾನ ಪ್ರಯಾಣಗಳ ಸಂಖ್ಯೆಯನ್ನು ಶೇಕಡ 20ರಷ್ಟು ಕಡಿಮೆ ಮಾಡಬೇಕು ಎಂಬುದೇ ಆ ಸಂಕಲ್ಪ. ದೇಶದೊಳಗಿನ ವಿಮಾನಗಳನ್ನೇ ಬೇರೆಯಾಗಿ ಹೆಸರಿಸಲು ಕಾರಣವಿತ್ತು. ಲಂಡನ್ನಿನಿಂದ ಎಡಿನ್‌ಬರೋ ನಗರಕ್ಕೆ ರೈಲುದಾರಿಯಲ್ಲಿ ಸುಮಾರು 630 ಕಿಲೋಮೀಟರ್. 1991ರಲ್ಲಿಯೇ ವಿದ್ಯುದೀಕರಣಗೊಂಡ ಈ ದಾರಿಯಲ್ಲಿ ಪ್ರಯಾಣ ಸುಮಾರು ನಾಲ್ಕೂವರೆ ಗಂಟೆಯದು. ಅದೇ ದೂರವನ್ನು ವಿಮಾನದಲ್ಲಿ ಕ್ರಮಿಸಿದರೆ ಒಬ್ಬ ಪ್ರಯಾಣಿಕನ ಪಾಲಿಗೆ ಬೀಳುವ ಇಂಗಾಲ ರೈಲಿನದಕ್ಕಿಂತ ಹಲವು ಪಟ್ಟು ಹೆಚ್ಚು. ವಿಮಾನ ನಿಲ್ದಾಣಕ್ಕೆ ಹೋಗುವ, ಅಲ್ಲಿ ಕಾಯುವ, ಅಲ್ಲಿಂದ ಮತ್ತೆ ನಗರಕ್ಕೆ ಬರುವ ವೇಳೆಯನ್ನು ಕೂಡಿಸಿದರೆ ಉಳಿಯುವ ಸಮಯವೂ ಅಷ್ಟರಲ್ಲಿಯೇ ಇದೆ.

ಪ್ರವಾಸಕ್ಕೆ ಹೊರಡುವ ಅಧಿಕಾರಿಯು ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳುವುದು ಯುಕ್ತ. ಈ ಪ್ರಯಾಣ ಅಗತ್ಯವೇ? ಅಗತ್ಯವಾದರೆ ರೈಲು ಅಥವಾ ಬಸ್ಸಿನಲ್ಲಿ ಹೋಗಬಹುದೇ? ಕಾರೇ ಬೇಕಾದರೆ ಅದು ಕಡಿಮೆ ಇಂಧನ ಬಳಸುವಂಥದೇ, ಅದರಲ್ಲಿ ಇನ್ನೂ ಇಬ್ಬರಿಗೆ ಸ್ಥಳವಿದೆಯೇ? ಮೊದಲನೆಯ ಪ್ರಶ್ನೆಗೆ ದೂರದರ್ಶಕ ಸಭೆಗಳು, ಎಂದರೆ ವಿಡಿಯೋ ಕಾನ್ಫರೆನ್ಸುಗಳು, ಹೊಸ ಉತ್ತರ ಒದಗಿಸಿವೆ. ಭಾರತದಲ್ಲಿ 2015ರ ಮಾರ್ಚ್ 25ರಂದು ಆರಂಭವಾದ “ಪ್ರಗತಿ” ಎಂಬ ಏರ್ಪಾಟಿನಲ್ಲಿ ಪ್ರಧಾನಿಯವರು ದೆಹಲಿಯಿಂದಲೇ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳೊಡನೆ ಮುಖಾಮುಖಿಯಾಗಿ ಮಾತನಾಡಿ ಯೋಜನೆಗಳನ್ನು ಪರಿಶೀಲಿಸುತ್ತಾರೆ. 2020ರಲ್ಲಿ ಕೋವಿಡ್ ಪಿಡುಗು ಪ್ರಯಾಣಗಳನ್ನೆಲ್ಲ ನಿಲ್ಲಿಸಿದಾಗ, ಎಷ್ಟೋ ಸಭೆಗಳಿಗೆ ಪ್ರಯಾಣವೇ ಬೇಕಿರಲಿಲ್ಲವೆಂಬ ಸತ್ಯ ಜಗತ್ತಿನ ಎಲ್ಲ ಸರ್ಕಾರಗಳಿಗೂ ಮನದಟ್ಟಾಯಿತು. ಮೂರನೆಯ ಪ್ರಶ್ನೆಗೆ ಉತ್ತರವಾಗಿ ಬ್ರಿಟನ್ ಸರ್ಕಾರವು ತನ್ನ ಕಾರು, ವ್ಯಾನುಗಳೆಲ್ಲವೂ 2027ರ ಕೊನೆಯ ವೇಳೆಗೆ ಹೊಗೆಯುಗುಳದಂಥವಾಗಬೇಕೆಂಬ ಗುರಿಯನ್ನು ಇಟ್ಟುಕೊಂಡಿತು.

ಆದರೆ ಇಲ್ಲಿ ಎಚ್ಚರವೂ ಬೇಕು. ನೆರೆಯಲ್ಲಿ ಮುಳುಗಿದ ಹೊಲವನ್ನು ತಹಶೀಲ್ದಾರರು ಕಣ್ಣಾರೆ ಕಾಣಬೇಕು. ಕೆರೆಯ ಏರಿಯ ಬಿರುಕನ್ನು ಎಂಜಿನಿಯರು ಮುಟ್ಟಿ ನೋಡಬೇಕು. ದೂರದ ಹಾಡಿಯ ಮಗುವಿಗೆ ಲಸಿಕೆ ಹಾಕಲು ಆರೋಗ್ಯ ಕಾರ್ಯಕರ್ತೆ ಅಲ್ಲಿಗೆ ಹೋಗಲೇಬೇಕು. ಇಂಗಾಲವನ್ನು ಉಳಿಸುವ ನೆಪದಲ್ಲಿ ಇಂಥ ಪ್ರಯಾಣಗಳು ನಿಂತರೆ ಸರ್ಕಾರ ಇರುವುದೇ ವ್ಯರ್ಥವಾದೀತು. ಉಳಿಸಬೇಕಾದುದು ಸೇವೆಗೆ ಸೇರದ ವ್ಯಯವನ್ನು. ಹಾಗೆ ಉಳಿದ ಇಂಧನವೇ ಸೇವೆಗೆ ಒದಗಬೇಕು.

ಬ್ರಿಟನ್ ಚಳಿಯ ದೇಶ. ಅಲ್ಲಿ ಕಚೇರಿಯನ್ನು ಕಾಯಿಸುವುದೇ ದೊಡ್ಡ ವೆಚ್ಚ. ಭಾರತದ ಬಹುಭಾಗದಲ್ಲಿ ಸಮಸ್ಯೆ ಇದಕ್ಕೆ ವಿರುದ್ಧವಾದುದು. ಇಲ್ಲಿ ಕಚೇರಿಯನ್ನು ತಂಪುಗೊಳಿಸಬೇಕು. ಅಲ್ಲದೆ ಬ್ರಿಟನ್ನಿನ ಪ್ರಯತ್ನ ನಡೆದದ್ದು ಹಳೆಯ ಕಟ್ಟಡಗಳಲ್ಲಿ. ಹೊಸದಾಗಿ ಕಟ್ಟುವಾಗಲೇ ಯೋಚಿಸಿದರೆ ಏನು ಸಾಧ್ಯವೆಂಬುದಕ್ಕೆ ದೆಹಲಿಯ ಇಂದಿರಾ ಪರ್ಯಾವರಣ ಭವನ ನಿದರ್ಶನ. ಭಾರತ ಸರ್ಕಾರದ ಪರಿಸರ ಸಚಿವಾಲಯಕ್ಕಾಗಿ ಕೇಂದ್ರ ಲೋಕೋಪಯೋಗಿ ಇಲಾಖೆಯು ಕಟ್ಟಿದ ಈ ಭವನವನ್ನು 2014ರ ಫೆಬ್ರವರಿ 25ರಂದು ಅಂದಿನ ಪ್ರಧಾನಿ ಮನಮೋಹನ ಸಿಂಗ್ ಅವರು ಉದ್ಘಾಟಿಸಿದರು. ವರ್ಷವೊಂದರಲ್ಲಿ ತಾನು ಬಳಸುವಷ್ಟು ವಿದ್ಯುತ್ತನ್ನು ತಾನೇ ಉತ್ಪಾದಿಸಬೇಕೆಂಬ ಉದ್ದೇಶದಿಂದ ಅದನ್ನು ಯೋಜಿಸಲಾಯಿತು.

ಆ ಭವನದ ರಚನೆಯಲ್ಲಿ ಮೊದಲ ಗಮನ ಯಂತ್ರಗಳ ಕಡೆಗಿರದೆ ಗಾಳಿ ಬೆಳಕುಗಳ ಕಡೆಗಿತ್ತು. ಕಟ್ಟಡದ ಎರಡು ಭಾಗಗಳನ್ನು ಉತ್ತರ ದಕ್ಷಿಣಾಭಿಮುಖವಾಗಿ ನಿಲ್ಲಿಸಿ, ನಡುವೆ ವಿಶಾಲವಾದ ಅಂಗಳವನ್ನು ಬಿಡಲಾಗಿದೆ. ಪೂರ್ವ ಪಶ್ಚಿಮಗಳ ಇಳಿಬಿಸಿಲು ಗೋಡೆಗಳಿಗೆ ಹೆಚ್ಚಾಗಿ ತಾಗುವುದಿಲ್ಲ. ಅಂಗಳದ ಮೂಲಕ ಗಾಳಿಯಾಡುತ್ತದೆ. ಹಗಲಿನಲ್ಲಿ ಬಹುಭಾಗಕ್ಕೆ ಸೂರ್ಯನ ಬೆಳಕೇ ಸಾಕಾಗುತ್ತದೆ. ಕರ್ನಾಟಕದ ಹಳೆಯ ತೊಟ್ಟಿಮನೆಗಳನ್ನು ಕಂಡವರಿಗೆ ಈ ಉಪಾಯ ಅಪರಿಚಿತವೆನಿಸದು. ಅಗತ್ಯವನ್ನು ಹೀಗೆ ತಗ್ಗಿಸಿದ ಮೇಲೆ ಉಳಿದ ಕೆಲಸವನ್ನು ಯಂತ್ರಗಳಿಗೆ ವಹಿಸಲಾಗಿದೆ. ನೆಲದಾಳದಲ್ಲಿ ತಾಪವು ಬೇಸಿಗೆ ಚಳಿಗಾಲಗಳೆನ್ನದೆ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ. ಆದುದರಿಂದ ಕೊಳವೆಬಾವಿಗಳನ್ನು ಕೊರೆದು, ಕಟ್ಟಡದ ಶಾಖವನ್ನು ನೀರಿನ ಮೂಲಕ ಭೂಮಿಗೆ ಬಿಟ್ಟುಕೊಡುವ ವ್ಯವಸ್ಥೆಯಿದೆ. ಚಾವಣಿಯಲ್ಲಿ ತಣ್ಣೀರು ಹರಿಯುವ ಕೊಳವೆಗಳು ಕೋಣೆಯ ಗಾಳಿಯನ್ನು ತಂಪು ಮಾಡುತ್ತವೆ. ಮೇಲ್ಛಾವಣಿಯ ಮೇಲೆ 930 ಕಿಲೋವಾಟ್ ಸಾಮರ್ಥ್ಯದ ಸೌರಫಲಕಗಳಿವೆ. ಅವುಗಳಿಂದ ವರ್ಷಕ್ಕೆ ಸುಮಾರು 14 ಲಕ್ಷ ಯೂನಿಟ್ ವಿದ್ಯುತ್ತು ದೊರೆಯಬೇಕೆಂದು ಲೆಕ್ಕ ಹಾಕಲಾಗಿತ್ತು. ಬಿಸಿಲಿನ ವೇಳೆಯಲ್ಲಿ ಮಿಕ್ಕುವ ವಿದ್ಯುತ್ತನ್ನು ನಗರದ ಜಾಲಕ್ಕೆ ಕೊಡುವುದು, ಬಿಸಿಲಿಲ್ಲದಾಗ ಅಲ್ಲಿಂದ ಪಡೆಯುವುದು, ವರ್ಷದ ಕೊನೆಗೆ ಕೊಟ್ಟುದೂ ಪಡೆದುದೂ ಸರಿಹೋಗುವಂತೆ ನೋಡಿಕೊಳ್ಳುವುದು ಇದರ ಕ್ರಮ.

ಇಂಥ ಭವನಗಳನ್ನು ಎಲ್ಲೆಡೆಯೂ ಕೂಡಲೇ ಕಟ್ಟಲಾಗದು. ಆದರೆ ಹಳೆಯ ಕಚೇರಿಯಲ್ಲಿಯೂ ಮಾಡಬಹುದಾದುದು ಬಹಳವಿದೆ. ಹವಾನಿಯಂತ್ರಕವನ್ನು 18 ಡಿಗ್ರಿಗೆ ಇಟ್ಟು ಒಳಗಿದ್ದವರು ಶಾಲು ಹೊದೆಯುವ ಕೋಣೆಗಳು ಇಲ್ಲದಿಲ್ಲ. ತಾಪವನ್ನು ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇಕಡ 6ರಷ್ಟು ವಿದ್ಯುತ್ತು ಉಳಿಯುವುದೆಂದು ಭಾರತದ ಶಕ್ತಿ ದಕ್ಷತಾ ಬ್ಯೂರೋ ತಿಳಿಸಿದೆ. 2020ರ ಜನವರಿಯಿಂದ ಭಾರತದಲ್ಲಿ ಮಾರಾಟವಾಗುವ ನಕ್ಷತ್ರಾಂಕಿತ ಕೋಣೆಯ ಹವಾನಿಯಂತ್ರಕಗಳು ಆರಂಭದಲ್ಲಿ 24 ಡಿಗ್ರಿಗೆ ಹೊಂದಿಸಲ್ಪಟ್ಟಿರಬೇಕೆಂಬ ನಿಯಮ ಬಂದಿತು.

ಲೆಕ್ಕವೇ ಕಣ್ಣಾಗಬೇಕಾದ ಕಡೆ ಲೆಕ್ಕ ಪ್ರಾಮಾಣಿಕವಾಗಿರಬೇಕಾದುದು ಅತ್ಯಗತ್ಯ. ಇಲಾಖೆಯೊಂದು ತನ್ನ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿ, ತನ್ನ ಕಟ್ಟಡವನ್ನು ಮುಚ್ಚಿದರೆ ಅದರ ಪುಸ್ತಕದಲ್ಲಿ ಇಂಗಾಲ ಇಳಿಯುತ್ತದೆ. ಗುತ್ತಿಗೆದಾರನ ಕಟ್ಟಡದಲ್ಲಿ ಅದು ಏರುತ್ತದೆ. ವಾಯುಮಂಡಲಕ್ಕೆ ಈ ಎರಡು ಪುಸ್ತಕಗಳ ಭೇದ ತಿಳಿಯದು. ಬ್ರಿಟನ್ನಿನಲ್ಲಿ 2010ರ ನಂತರದ ವರ್ಷಗಳಲ್ಲಿ ಸರ್ಕಾರಿ ನೌಕರರ ಸಂಖ್ಯೆಯೂ ಇಳಿಯಿತು, ಅನೇಕ ಕಚೇರಿಗಳೂ ಮುಚ್ಚಿದವು. ಆದುದರಿಂದ ಅಲ್ಲಿನ ಇಳಿತದಲ್ಲಿ ಮಿತವ್ಯಯದ ಪಾಲೆಷ್ಟು, ಗಾತ್ರ ಕುಗ್ಗಿದುದರ ಪಾಲೆಷ್ಟು ಎಂದು ವಿಂಗಡಿಸಿ ನೋಡಬೇಕಾಗುತ್ತದೆ. ಹೋಲಿಕೆಗೆ ಆರಿಸಿಕೊಂಡ ವರ್ಷವೂ ನ್ಯಾಯವಾಗಿರಬೇಕು. ವ್ಯಯವು ಅತಿಯಾಗಿದ್ದ ವರ್ಷವನ್ನು ಆರಿಸಿದರೆ ಏನೂ ಮಾಡದೆಯೇ ಇಳಿತ ತೋರಿಸಬಹುದು. ಕಚೇರಿಯ ಮುಂದೆ ಹತ್ತು ಸಸಿ ನೆಟ್ಟು ಒಳಗಿನ ವ್ಯಯವನ್ನು ಮರೆಸುವುದೂ ಸಲ್ಲದು. ಸಸಿ ಮರವಾಗಲು ವರ್ಷಗಳು ಬೇಕು, ಹೊಗೆಯಾದರೋ ಇಂದೇ ಮೇಲೇರುತ್ತದೆ.

ಇಡೀ ದೇಶದ ಲೆಕ್ಕದಲ್ಲಿ ಸರ್ಕಾರದ ಕೇಂದ್ರ ಕಚೇರಿಗಳ ಪಾಲು ಅತ್ಯಲ್ಪ. ಬ್ರಿಟನ್ನಿನಲ್ಲಿ ಅದು ನೂರರಲ್ಲಿ ಒಂದು ಪಾಲಿನಷ್ಟೂ ಇರಲಿಲ್ಲ. ಇಷ್ಟು ಅಲ್ಪವಾದುದಕ್ಕೆ ಇಷ್ಟೊಂದು ಶ್ರಮವೇಕೆ ಎಂಬ ಸಂದೇಹ ಹುಟ್ಟುವುದು ಸಹಜ. ಇದಕ್ಕೆ ಎರಡು ಸಮಾಧಾನಗಳಿವೆ. ಸರ್ಕಾರವು ದೊಡ್ಡ ಗಿರಾಕಿ. ಅದು ಕೊಳ್ಳತೊಡಗಿದರೆ ಮಾರುಕಟ್ಟೆಯೇ ಬದಲಾಗುತ್ತದೆ. ಭಾರತದಲ್ಲಿ ಸರ್ಕಾರಿ ಸ್ವಾಮ್ಯದ ಸಂಸ್ಥೆಯೊಂದು ಮನೆಮನೆಗೆ ಹಂಚಲು ಎಲ್‌ಇಡಿ ದೀಪಗಳನ್ನು ಕೋಟಿಗಟ್ಟಲೆ ಕೊಂಡಾಗ, 2014ರಲ್ಲಿ 310 ರೂಪಾಯಿಯಿದ್ದ ದೀಪದ ಖರೀದಿ ಬೆಲೆ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಎರಡನೆಯ ಸಮಾಧಾನ ಇದಕ್ಕಿಂತ ಹಿರಿದು. ತನ್ನ ಲೆಕ್ಕವನ್ನು ಮೊದಲು ತೆರೆದು ತೋರಿಸಿದ ಸರ್ಕಾರಕ್ಕೆ ಇತರರ ಲೆಕ್ಕವನ್ನು ಕೇಳುವ ನೈತಿಕ ಅಧಿಕಾರ ಬರುತ್ತದೆ. ತಾನು ಮಾಡಿ ನೋಡಿದುದರಿಂದ ಯಾವುದು ಸುಲಭ, ಯಾವುದು ಕಷ್ಟವೆಂಬ ಅರಿವೂ ಬರುತ್ತದೆ. ಅಂಥ ಅರಿವಿನಿಂದ ಹುಟ್ಟಿದ ಕಾನೂನನ್ನು ಜನ ನಂಬುತ್ತಾರೆ.

2021ರಲ್ಲಿ ಗ್ಲಾಸ್ಗೋ ನಗರದಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಭಾರತವು 2070ರ ವೇಳೆಗೆ ತನ್ನ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರುವುದಾಗಿ ಜಗತ್ತಿಗೆ ಮಾತು ಕೊಟ್ಟಿತು. ಇಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರು ಆಗ ಅರವತ್ತರ ಸಮೀಪದಲ್ಲಿರುತ್ತಾರೆ. ಆ ಮಾತನ್ನು ನಡೆಸಿಕೊಡಬೇಕಾದ ಗುಮಾಸ್ತರು, ಎಂಜಿನಿಯರುಗಳು, ಚಾಲಕರು, ಕಾರ್ಯದರ್ಶಿಗಳು, ಮಂತ್ರಿಗಳು ಅವರ ನಡುವಿನಿಂದಲೇ ಬರಬೇಕು. ಅವರು ಕುಳಿತು ಕೆಲಸ ಮಾಡುವ ಕಚೇರಿಯ ಗೋಡೆಯ ಮೇಲೆ ಆ ಕಚೇರಿಯ ಇಂಗಾಲದ ಲೆಕ್ಕವೂ ತೂಗುತ್ತಿದ್ದರೆ, ಬಂದುಹೋಗುವ ಪ್ರಜೆಗೆ ಅದನ್ನು ಓದಿ ಪ್ರಶ್ನಿಸುವ ಅಧಿಕಾರವಿದ್ದರೆ, ಕಣ್ಣಿಗೆ ಕಾಣದ ಹೊಗೆಯೂ ಕಾಣತೊಡಗುತ್ತದೆ. ಲಂಡನ್ನಿನ ಕಪ್ಪು ಹೊಗೆ ಮಾಯವಾದದ್ದು ಜನ ಅದನ್ನು ಕಂಡು ಸಹಿಸಲಾರದೆ ಹೋದಾಗ. ಈ ಹೊಗೆಯನ್ನೂ ಕಾಣುವಂತೆ ಮಾಡುವುದೇ ಅದನ್ನು ತಗ್ಗಿಸುವ ಕೆಲಸದ ಮೊದಲ ಹೆಜ್ಜೆ.